ಪಾಠದ ಹೊತ್ತಿನಲ್ಲಿ ತೆಲುಗಿಲ್ಲ

೪ ಅಕ್ಟೋಬರ್ ೧೯೮೨, ಸೋಮವಾರ

ಹತ್ತಕ್ಕೆ ತಂಬಿಗೆಗೆ ಸೌಟಿನಿಂದ ಬಡಿದೆ. ಅಂದರೆ ಬೆಲ್. ಪ್ರಾರ್ಥನೆ. ಆಮೇಲೆ ಹಾಜರಿ. ಆದಿಲಕ್ಷ್ಮಿ — ಬಂದಿದ್ದೇನೆ. ಕದಿರೇಶ — ಬಂದಿದ್ದೇನೆ. ಇರುವವರು ಇಬ್ಬರು, ಅದೂ ಹೊಟ್ಟೆಯಲ್ಲಿ ಹುಟ್ಟಿದವರು, ಅವರಿಗೆಂಥ ಹಾಜರಿ ಎಂದು ಇವರು ನಗುತ್ತಾರೆ. ನಗಲಿ. ಶಾಲೆ ಎಂದ ಮೇಲೆ ಶಾಲೆ.

ಆದಿ ದಶಮಾಂಶ ಹಿಡಿದುಬಿಟ್ಟಳು. ಒಂದೇ ಸಲಕ್ಕೆ. ಹನ್ನೊಂದು ವರ್ಷಕ್ಕೆ ಇಷ್ಟು ಚುರುಕು ನಾನೂ ಇರಲಿಲ್ಲ. ಕದಿರೇಶನಿಗೆ ಮಗ್ಗಿ ಹದಿನಾಲ್ಕರ ಮೇಲೆ ಹತ್ತುತ್ತಿಲ್ಲ, ಕಿಟಕಿಯಲ್ಲಿ ಅಳಿಲು ಮಾತ್ರ ಚೆನ್ನಾಗಿ ಕಾಣುತ್ತದೆ.

ಜೂನ್‌ನಲ್ಲಿ ಊರ ಶಾಲೆ ಬಿಡಿಸಿದ್ದು ಒಳ್ಳೆಯದೇ ಆಯಿತು. ಅಲ್ಲಿನ ಮೇಷ್ಟ್ರು ಕನ್ನಡ ಪುಸ್ತಕ ಕೈಯಲ್ಲಿ ಹಿಡಿದು ಪಾಠವನ್ನೆಲ್ಲ ತೆಲುಗಿನಲ್ಲಿ ಹೇಳುತ್ತಿದ್ದರು. ಅದೂ ಹೇಳಿದ ದಿನ. ಉಳಿದ ದಿನ ಆದಿಯ ಕೈಗೆ ತಮ್ಮ ಕೂಸು ಕೊಟ್ಟು ಆಡಿಸು ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ತಾಯಿ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡಿರಬೇಕು, ಮಗಳು ಮೇಷ್ಟ್ರ ಮಗುವಿನ ಮೂಗು ಒರೆಸಬೇಕು. ಟೀಚರ್ ಟ್ರೈನಿಂಗಿಗೆ ಸೀಟು ಬಂದಿತ್ತು ನನಗೆ. ಅಷ್ಟರಲ್ಲಿ ಗೌನಿಪಲ್ಲಿ ಕಡೆಯ ಸಂಬಂಧ ಬಂತು... ಇರಲಿ. ಈಗ ನಾನೇ ಟೀಚರ್, ನಾನೇ ಹೆಡ್‌ಮಿಸ್.

೭ ಅಕ್ಟೋಬರ್, ಗುರುವಾರ. ಮಧ್ಯಾಹ್ನ

ಇವತ್ತು ಹೆಮ್ಮೆಪಡುವಂಥದ್ದು ನಡೆಯಿತು.

ಇತಿಹಾಸ ನಡೆಯುತ್ತಿತ್ತು. ಅತ್ತೆ ಹಿತ್ತಲ ಬಾಗಿಲಿನಿಂದ ಆದಿಯನ್ನು ಕರೆದರು, ಸೂಜಿಗೆ ದಾರ ಪೋಣಿಸಿಕೊಡಲು. ತೆಲುಗಿನಲ್ಲಿ, ಇನ್ನೇನು. ಆದಿ ಕತ್ತೆತ್ತಲಿಲ್ಲ. ಮತ್ತೆ ಕರೆದರು. ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಓದುತ್ತಲೇ ಇದ್ದಳು. ಕದಿರೇಶ ಎದ್ದೇ ಬಿಡುತ್ತಿದ್ದ, ಅಕ್ಕನೇ ಚಡ್ಡಿ ಹಿಡಿದು ಕೂರಿಸಿದಳು. ಅತ್ತೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದರು.

ರೂಲು ಎಂದರೆ ರೂಲು. ಪಾಠದ ಹೊತ್ತಿನಲ್ಲಿ ತೆಲುಗಿಲ್ಲ. ಯಾರಾದರೂ ತೆಲುಗಿನಲ್ಲಿ ಕರೆದರೆ ತಿರುಗುವಂತಿಲ್ಲ, ಕಿವಿಗೆ ಬಿದ್ದರೂ ಬೀಳದ ಹಾಗೆ ಇರಬೇಕು. ಮೊದಲು ಇದನ್ನು ಮಾಡಿದ್ದು ಗೋಲಿ ಆಡಲು ಕರೆಯುವ ಬೀದಿ ಹುಡುಗರಿಗಾಗಿ. ಆಮೇಲೆ ಮನೆಯವರಿಗೂ ಒಂದೇ ಎಂದೆ. ಒಬ್ಬರಿಗೆ ಸಡಿಲ ಬಿಟ್ಟರೆ ಮುಗಿಯಿತು. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಜನ ಬೀದಿಗಿಳಿದು ಕೂಗುತ್ತಿದ್ದಾರೆ ಎಂದು ಪೇಪರಿನಲ್ಲಿ ಬರುತ್ತದೆ, ಇಲ್ಲಿ ನಮ್ಮ ಮನೆಯಲ್ಲೇ ಅಜ್ಜಿ ಎನ್ನಲು ಮಕ್ಕಳಿಗೆ ಬಾಯಿ ಹೊರಳುತ್ತಿರಲಿಲ್ಲ. ತೆಲುಗಿನವರ ಹಾಗೆ ಅವ್ವ, ಅವ್ವ.

ಅತ್ತೆಗೆ ಕನ್ನಡ ಬಾರದು. ಅರವತ್ತು ದಾಟಿದೆ, ಇನ್ನು ಬರುವುದೂ ಇಲ್ಲ. ಮೊದಮೊದಲು ನನ್ನ ರೂಲಿಗೆ ಬಾಯಿ ತುಂಬ ನಗುತ್ತಿದ್ದರು. ಈಗ ಬೆಲ್ ಹೊಡೆದರೆ ಹಿತ್ತಲ ಜಗಲಿಗೆ ಹೋಗಿ ಕೂರುತ್ತಾರೆ. ನನಗೂ ತೆಲುಗು ಬರುತ್ತದೆ, ನನ್ನ ತೌರು ಮಾಲೂರಿನಲ್ಲಿ ಯಾರಿಗೆ ಬರುವುದಿಲ್ಲ. ಆದರೂ ಅವರೊಡನೆ ಕನ್ನಡದಲ್ಲೇ ಆಡುತ್ತೇನೆ. ಅರ್ಥವಾಗುತ್ತದೆ ಅವರಿಗೆ. ಆಗದಿದ್ದರೆ ಕೈಸನ್ನೆ ಇದೆ.

ದಾರ ನಾನೇ ಪೋಣಿಸಿಕೊಟ್ಟೆ, ಪಾಠ ಮುಗಿದ ಮೇಲೆ.

೧೨ ಅಕ್ಟೋಬರ್, ಮಂಗಳವಾರ

ಭೂಗೋಳದಲ್ಲಿ ನದಿಗಳು. ಗೋಡೆಗೆ ಮ್ಯಾಪ್ ಅಂಟಿಸಿ ಉಗಮ, ಉಪನದಿ, ಸಂಗಮ, ಮುಖಜ ಭೂಮಿ ಎಲ್ಲ ಹೇಳಿದೆ. ಕದಿರೇಶ ಕೇಳಿದ, ನದಿಯ ಅಗಲ ನಮ್ಮೂರ ಕೆರೆಯಷ್ಟಿರುತ್ತದೆಯೇ ಎಂದು. ಎಂಟು ವರ್ಷದ ಹುಡುಗ ನದಿಯನ್ನೇ ಕಂಡಿಲ್ಲ. ಆದಿಯೂ ಕಂಡಿಲ್ಲ. ಪುಸ್ತಕದಲ್ಲಿ ನೀಲಿ ಗೆರೆ ಕಂಡದ್ದಷ್ಟೇ.

ತೋರಿಸಬೇಕು. ಪಾಪಾಗ್ನಿ ಅಷ್ಟೇನು ದೂರವಿಲ್ಲ, ಬಸ್ಸಿಳಿದು ಒಂದಿಷ್ಟು ನಡೆದರೆ ಆಯಿತು. ದಸರೆಯೊಳಗೆ ಹೋಗಿಬರಬೇಕು, ಮಳೆಗಾಲ ಈಗಷ್ಟೇ ಮುಗಿದಿದೆ, ನೀರಿರುತ್ತದೆ. ಶಾಲೆಯ ಮಕ್ಕಳು ಪ್ರವಾಸ ಹೋಗುವುದಿಲ್ಲವೇ? ನಮ್ಮದೂ ಒಂದು.

ಇವರಿಗೆ ಹೇಳಿದೆ. ಹುಳ ಮೂರನೇ ಜ್ವರದಲ್ಲಿದೆ, ಪೊರೆ ಬಿಡುವ ಹೊತ್ತು, ತಾವು ಬರಲಾಗುವುದಿಲ್ಲ ಎಂದರು. ಆಮೇಲೆ, "ಅಮ್ಮನ್ನೂ ಕರ್ಕೊಂಡೋಗು ಶ್ಯಾಮಲಾ. ಅವಳ ತೌರು ಆ ಕಡೇನೇ ಅಲ್ವಾ. ಎಷ್ಟು ವರ್ಷ ಆಯ್ತೋ ಆ ಏರು ನೋಡಿ" ಎಂದರು. ಏರು ಎಂದರೆ ಇವರ ಭಾಷೆಯಲ್ಲಿ ನದಿ.

ಹೂಂ ಎಂದೆ. ಮನಸ್ಸಿರಲಿಲ್ಲ.

೧೬ ಅಕ್ಟೋಬರ್, ಶನಿವಾರ. ಬೆಳಿಗ್ಗೆ

ಚಿತ್ರಾನ್ನ ಕಟ್ಟಿದ್ದಾಯಿತು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮ್ಯಾಪ್ ಸುತ್ತಿ ಇಟ್ಟುಕೊಂಡೆ. ಅತ್ತೆ ನನಗಿಂತ ಮೊದಲೇ ಎದ್ದು ತಲೆ ಬಾಚಿಕೊಂಡು ಮೂಲೆಯ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಿದ್ದಾರೆ. ಮದುವೆಗೆ ಹೊರಟ ಹಾಗೆ.

ಮಕ್ಕಳಿಗೆ ಹೇಳಿದ್ದೇನೆ. ಇವತ್ತು ಇಡೀ ದಿನ ಪಾಠದ ಹೊತ್ತು. ಬಸ್ಸಿನಲ್ಲೂ. ಆದಿ ತಲೆಯಾಡಿಸಿದಳು. ಇವರು ಅವಳನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಬಸ್ ಸ್ಟಾಪಿಗೆ ಬಿಡುತ್ತಾರಂತೆ, ನಾವು ಹಿಂದೆ ನಡೆಯುತ್ತೇವೆ. ಮಗಳೆಂದರೆ ಇವರಿಗೆ ಅಷ್ಟು.

೨೧ ಅಕ್ಟೋಬರ್, ಗುರುವಾರ

ಬರೆಯಲು ಆಗಿರಲಿಲ್ಲ.

ಅತ್ತೆಗೆ ಮೊಣಕಾಲಿನ ಮೇಲೆ ಮೂಳೆ ಮುರಿದಿದೆ. ಇವರು ಆಂಧ್ರದ ಪುತ್ತೂರಿನಲ್ಲಿ ಮೂಳೆಗೆ ನಾಟಿ ಕಟ್ಟು ಕಟ್ಟಿಸುತ್ತೇನೆಂದು ಕರೆದುಕೊಂಡು ಹೋದರು. ಶ್ರೀನಿವಾಸಪುರದ ಆಸ್ಪತ್ರೆಯಿಂದ ಮುಳಬಾಗಿಲಿಗೆ ಬಾಡಿಗೆ ಕಾರು, ಮುಂದೆ ನಂಗಲಿಯಲ್ಲಿ ಗುರುತಿನ ಲಾರಿ. ಕಟ್ಟಿಸಿ, ಚಿತ್ತೂರಿನಲ್ಲಿ ಅತ್ತೆಯ ತಂಗಿ ಚಿಕ್ಕಗಂಗಮ್ಮನ ಮನೆಯಲ್ಲಿ ಬಿಟ್ಟು ಇವರು ನಿನ್ನೆ ವಾಪಸು ಬಂದಿದ್ದಾರೆ. ಊಟ ಮಾಡಿದರು. ನನ್ನ ಹತ್ತಿರ ಮಾತಾಡಿದರು, ಆದಿಯ ಹತ್ತಿರ ಆಡಲಿಲ್ಲ.

ಬೆಲ್ ಹೊಡೆದಿಲ್ಲ ಐದು ದಿನದಿಂದ. ಕದಿರೇಶ ತಾನೇ ತಂಬಿಗೆ ಸೌಟು ತಂದು ಮುಂದಿಟ್ಟ. ಒಳಗಿಟ್ಟು ಬಾ ಎಂದೆ.

೨೨ ಅಕ್ಟೋಬರ್, ಶುಕ್ರವಾರ. ಮಧ್ಯಾಹ್ನ

ಬರೆದುಬಿಡುತ್ತೇನೆ. ಯಾರೂ ಓದುವುದಿಲ್ಲ ಇದನ್ನು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಮುಖ ಹೊರಗೇ. ತಂಗಡಿ ಹೂ ಬಿಟ್ಟ ದಿಣ್ಣೆ, ಕಡಲೆಕಾಯಿ ಕೀಳುವ ಹೊಲ, ಒಂದೊಂದನ್ನೂ ತೋರಿಸಿ ಕದಿರೇಶನಿಗೆ ಏನೋ ಹೇಳಲು ಬಾಯಿ ತೆಗೆಯುವುದು, ನನ್ನ ಕಡೆ ನೋಡುವುದು, ಮುಚ್ಚಿಕೊಳ್ಳುವುದು. ನಾನು ಕಂಡೂ ಕಾಣದವಳ ಹಾಗೆ ಕೂತಿದ್ದೆ. ಅವರ ಹುಟ್ಟೂರಿನ ದಾರಿ ಅದು. ಏನು ಕಳೆದುಹೋಗುತ್ತಿತ್ತು ನನ್ನದು, ಎರಡು ಮಾತು ಆಡಿದ್ದರೆ?

ಬಸ್ಸಿಳಿದು ನಡೆದೆವು. ದಾರಿಯಲ್ಲಿ ಸೀತಾಫಲದ ಗಿಡಗಳು. ಅತ್ತೆ ಎರಡು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡರು. ದಿಣ್ಣೆ ಹತ್ತಿದರೆ ಕೆಳಗೆ ಪಾಪಾಗ್ನಿ.

ಮರಳು. ಈ ದಡದಿಂದ ಆ ದಡದವರೆಗೆ ಮರಳೇ. ನಡುವೆ ಒಂದು ಕಡೆ ಬೆರಳಗಲದ ನೀರು, ಅದೂ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವಂತಿಲ್ಲ. ಮಳೆ ಹೋದ ಮೇಲೆ ನೀರಿರುತ್ತದೆ ಎಂದು ಹೇಳಿದವಳು ನಾನು. ನದಿಯನ್ನು ನಾನಾದರೂ ಎಲ್ಲಿ ಕಂಡಿದ್ದೆ, ಪುಸ್ತಕ ಬಿಟ್ಟು?

"ಅಮ್ಮಾ, ನದಿ ಎಲ್ಲಿ?" ಎಂದ ಕದಿರೇಶ.

ಸಿಟ್ಟು ಬಂತು. ಹುಡುಗನ ಮೇಲಲ್ಲ, ನದಿಯ ಮೇಲೆ. ಇಷ್ಟು ದೂರ ಬಂದು ಪಾಠ ಕೆಡಬಾರದು ಎಂದು ಹಟ. ಮರಳಿನ ಮೇಲೆ ಕೂರಿಸಿದೆ. ಕೋಲಿನಿಂದ ದೊಡ್ಡದಾಗಿ ಕೃಷ್ಣಾ ನದಿ ಬರೆದೆ, ಉಪನದಿಗಳನ್ನೆಲ್ಲ ತೋಡಿದೆ. ಚೆನ್ನಾಗಿ ಬಂತು. ಆದಿ ಬೆಣಚುಕಲ್ಲು ಆರಿಸಿ ತಂದು ಊರುಗಳನ್ನು ಇಟ್ಟಳು. ನನಗೂ ಖುಷಿಯಾಗಿ ಲೋಕವೇ ಮರೆತುಹೋಗಿತ್ತು. ಹೌದು, ಅತ್ತೆಯೂ ಮರೆತುಹೋಗಿದ್ದರು.

ಅವರು ಸೀರೆ ಎತ್ತಿ ಕಟ್ಟಿಕೊಂಡು ನದಿಯೊಳಗೇ ನಡೆದು ಹೋಗಿದ್ದರು. ಸ್ವಲ್ಪ ಆಚೆಗೆ ಯಾರೋ ತೋಟಕ್ಕೆ ನೀರೆತ್ತಲು ಎಂಜಿನ್ನಿಗಾಗಿ ಮರಳಿನಲ್ಲಿ ಆಳವಾದ ಗುಂಡಿ ತೋಡಿದ್ದರು. ಅದರ ಅಂಚಿನಲ್ಲಿ ಕೂತು ಕೈಯಲ್ಲಿ ಮರಳು ಬಗೆಯತೊಡಗಿದರು. ಮರಳು ಬಗೆದರೆ ನೀರು ಜಿನುಗುತ್ತದೆ, ಚಿಲುಮೆ. ಹುಡುಗಿಯಾಗಿದ್ದಾಗ ಅದರಿಂದಲೇ ಕೊಡ ತುಂಬುತ್ತಿದ್ದರಂತೆ. ಇದನ್ನೆಲ್ಲ ಆಮೇಲೆ ಇವರು ಹೇಳಿದ್ದು.

ಅಲ್ಲಿಂದ ಕರೆದರು. "ಪಾಪಾ, ಇಟ್ಲಾ ರಾ. ನೀಳ್ಳು ಸೂಡು."

ಇಲ್ಲಿ ಬಾ, ನೀರು ನೋಡು. ದನಿಯಲ್ಲಿ ನಗು ಇತ್ತು. ನನ್ನ ಮಕ್ಕಳಿಗೆ ನಾನು ತೋರಿಸಲಾಗದ ನದಿಯನ್ನು ಅವರು ತೋರಿಸಲು ಕರೆಯುತ್ತಿದ್ದರು. ಅದು ನನಗೆ ತಿಳಿಯಿತು, ಅಲ್ಲೇ, ಆಗಲೇ. ಅದಕ್ಕೇ ಇನ್ನಷ್ಟು ಜೋರಾಗಿ ತುಂಗಭದ್ರಾ ಎಂದೆ.

ಮತ್ತೆ ಕರೆದರು. ನಾನು ಮುಂದಿನ ಉಪನದಿಗೆ ಹೋದೆ.

ಆಮೇಲೆ ಬಂದ ಕೂಗು ಬೇರೆ. ಹೆಸರಿಲ್ಲ, ಮಾತಿಲ್ಲ, ಬರೀ ಅಯ್ಯೋ. ಆಮೇಲೆ ಮತ್ತೆ "ಪಾಪಾ" ಎಂದು, ಆದರೆ ದನಿ ಗುಂಡಿಯೊಳಗಿಂದ. ನನ್ನ ಕಿವಿಗೆ ಬಿತ್ತು. ಬಿದ್ದಿತು. ತಿರುಗಿ ನೋಡಿದೆ ಕೂಡ. ಅತ್ತೆ ಕಾಣಲಿಲ್ಲ, ಮರಳಿನ ಗುಡ್ಡೆ ಕಂಡಿತು. ಜಾರಿರಬೇಕು, ಏಳುತ್ತಾರೆ, ಈ ಭೀಮಾ ಒಂದು ಮುಗಿಸಿಬಿಡೋಣ ಎಂದುಕೊಂಡೆ. ತಿರುಗಿದ ಕತ್ತನ್ನು ಮತ್ತೆ ಈ ಕಡೆಗೆ ತಂದೆ.

ಎಷ್ಟು ಹೊತ್ತೋ ಗೊತ್ತಿಲ್ಲ. ಆ ದಡದಿಂದ ಒಬ್ಬ ಮುದುಕ ಪಂಚೆ ಎತ್ತಿ ಓಡಿ ಬರುವುದು ಕಂಡಾಗ ನಾನೂ ಓಡಿದೆ. ಅಂಚು ಕುಸಿದು ಅತ್ತೆ ಸೊಂಟದವರೆಗೆ ಹಸಿ ಮರಳಿನಲ್ಲಿ ಹೂತಿದ್ದರು, ಒಂದು ಕಾಲು ಅಡಿಯಲ್ಲಿ ಮಡಿಚಿ ಸಿಕ್ಕಿಕೊಂಡಿತ್ತು. ಮರಳು ಇನ್ನೂ ಜಾರುತ್ತಲೇ ಇತ್ತು. ಆತ ದೊಡ್ಡವೆಂಕಟಪ್ಪನಂತೆ, ದಡದಲ್ಲಿ ಸೌತೆ ಬೆಳೆಯುತ್ತಾನೆ. ಇಬ್ಬರೂ ಸೇರಿ ಬಗೆದು ಎಳೆದೆವು. ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ.

ಆತ ಏದುಸಿರು ಬಿಡುತ್ತ ನನ್ನ ಮಕ್ಕಳ ಕಡೆ ನೋಡಿ ತೆಲುಗಿನಲ್ಲಿ ಕೇಳಿದ, ಆ ದಡದಲ್ಲಿದ್ದ ತನಗೆ ಕೇಳಿಸಿತು, ಪಕ್ಕದಲ್ಲಿದ್ದ ಮಕ್ಕಳಿಗೆ ಕೇಳಿಸಲಿಲ್ಲವೇ, ಕಿವುಡೇ ಪಾಪ, ಎಂದು.

ಮಕ್ಕಳನ್ನೇ ಕೇಳಿದ. ನನ್ನನ್ನು ಕೇಳಲಿಲ್ಲ. ನನ್ನಂಥ ದೊಡ್ಡವಳಿಗೆ ಕೇಳಿಸಿದ್ದರೆ ಬಾರದೆ ಇರುತ್ತಾಳೆಯೇ ಎಂದುಕೊಂಡನೋ ಏನೋ.

ಆಗ ನಾನು ಆದಿಯ ಕೆನ್ನೆಗೆ ಹೊಡೆದೆ. "ಅಜ್ಜಿ ಅಷ್ಟು ಕೂಗಿದ್ರೂ ಕೇಳಿಸ್ಲಿಲ್ವೇನೇ ನಿಂಗೆ?"

ಅವಳು ನನ್ನನ್ನು ನೋಡಿದಳು. ಅಳಲಿಲ್ಲ. ಕದಿರೇಶ ಅತ್ತ.

ಸಂಜೆ

ಪೂರ್ತಿ ಬರೆದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಇನ್ನೂ ಒಂದಿದೆ.

ಅವತ್ತು ಇವರು ಆಸ್ಪತ್ರೆಗೆ ಓಡಿ ಬಂದು ಹೇಗಾಯಿತು ಎಂದು ಕೇಳಿದರು. ನನಗೆ ಕೇಳಿಸಲಿಲ್ಲ, ದೂರದಲ್ಲಿದ್ದೆ, ಆದಿ ಹತ್ತಿರದಲ್ಲಿದ್ದಳು ಎಂದೆ. ಬಾಯಿ ತಾನೇ ಆಡಿಬಿಟ್ಟಿತು. ಆದಿ ನನ್ನ ಪಕ್ಕದಲ್ಲೇ ಇದ್ದವಳು, ನನ್ನ ಮೊಣಕೈ ತಾಗುವಷ್ಟು.

ಇವರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಅವ್ವ ಕರ್ದಿದ್ದು ಕೇಳಿಸ್ತಾ ಪಾಪಾ?"

"ಕೇಳಿಸ್ತು."

"ಮತ್ಯಾಕೆ ಹೋಗ್ಲಿಲ್ಲ?"

ರೂಲು ಎನ್ನಬಹುದಿತ್ತು. ಅಮ್ಮ ಹೊಡೆಯುತ್ತಾಳೆ ಎನ್ನಬಹುದಿತ್ತು. ಏನೂ ಎನ್ನಲಿಲ್ಲ. ಇವರು ಎದ್ದು ನಿಂತರು, ಹೆಗಲ ಟವೆಲ್ಲು ಒದರಿದರು. ಸ್ಟ್ರೆಚರಿನ ಮೇಲಿನಿಂದ ಅತ್ತೆ ಕ್ಷೀಣವಾಗಿ ಹೇಳಿದರು, ತಾನು ಗಟ್ಟಿಯಾಗಿ ಕೂಗಲೇ ಇಲ್ಲ, ಮಗುವನ್ನು ಏನೂ ಅನ್ನಬೇಡ ಎಂದು. ಇವರು ನಂಬಲಿಲ್ಲ.

ನಾಚಿಕೆಯಾಗುತ್ತದೆ ಎಂದು ಬರೆಯುವುದು ಸುಲಭ. ಬರೆದೆ.

೨೬ ಅಕ್ಟೋಬರ್, ಮಂಗಳವಾರ. ಆಯುಧಪೂಜೆ

ಸೈಕಲ್ಲು ತೊಳೆದು ಇವರೇ ಕುಂಕುಮ ಇಟ್ಟರು. ಪ್ರತಿ ವರ್ಷ ಆದಿಯ ಕೈಯಲ್ಲಿ ಇಡಿಸುತ್ತಿದ್ದರು. ಅವಳು ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಟ್ಟಲು ಕೊಡು ಎಂದು ಕೈ ಚಾಚಿದರು, ಅಷ್ಟೇ.

ಆಮೇಲೆ ಕದಿರೇಶನನ್ನು ಬಾರಿನ ಮೇಲೆ ಕೂರಿಸಿಕೊಂಡು ತೋಟಕ್ಕೆ ಹೋದರು. ಆದಿ ಒಳಗೆ ಬಂದು ಕಡುಬಿನ ಹಿಟ್ಟು ನಾದುತ್ತೇನೆ ಎಂದಳು. ನಾದಿದಳು. ಚೆನ್ನಾಗಿಯೇ ನಾದಿದಳು.

ಈಗ ಹೇಳುತ್ತೇನೆ, ಇವರು ತೋಟದಿಂದ ಬಂದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಬಂದರು. ಹಬ್ಬದ ದಿನ ಬೇಡ ಎನ್ನಿಸಿತು.

೩ ನವೆಂಬರ್, ಬುಧವಾರ

ಅತ್ತೆಯನ್ನು ಕರೆತಂದರು. ಬಿದಿರು ದಬ್ಬೆ, ಬಟ್ಟೆ, ಎಣ್ಣೆ ವಾಸನೆ. ಪಡಸಾಲೆಯಲ್ಲೇ ಹಾಸಿಗೆ. ಹಗುರವಾಗಿಬಿಟ್ಟಿದ್ದಾರೆ, ಎತ್ತಿ ಮಲಗಿಸಿದಾಗ ತಿಳಿಯಿತು.

ಕಾಲು ಕೂಡಿಕೊಂಡರೂ ಮೊದಲಿನ ಹಾಗೆ ನಡೆಯುವುದು ಅನುಮಾನವಂತೆ. ಇವರು ಹೇಳುವಾಗ ನನ್ನ ಮುಖ ನೋಡಲಿಲ್ಲ, ಆದಿಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಆ ನೋಟ ನನಗೆ ಬರಬೇಕಾದದ್ದು. ಗಂಜಿ ಬಿಸಿ ಮಾಡಲು ಒಳಗೆ ಹೋದೆ.

ನಾನು ಹೇಳಿದರೆ ಏನಾಗುತ್ತದೆ? ಬೈಯುತ್ತಾರೆ. ತಿಂಗಳುಗಟ್ಟಲೆ ಮಾತು ಬಿಡಬಹುದು. ಮಾಲೂರಿಗೆ ಸುದ್ದಿ ಹೋಗಬಹುದು, ಶ್ಯಾಮಲ ಅತ್ತೆಯನ್ನು ಗುಂಡಿಯಲ್ಲಿ ಬಿಟ್ಟು ಪಾಠ ಹೇಳುತ್ತಿದ್ದಳು ಎಂದು. ನನ್ನ ಅಣ್ಣ ಚನ್ನರಾಯಪ್ಪ ನಗುತ್ತಾನೆ, ಇವಳ ಶಾಲೆ ಇಷ್ಟೇ ಎಂದು. ಇಷ್ಟಕ್ಕೆ ಹೆದರಿ ಹನ್ನೊಂದು ವರ್ಷದವಳ ತಲೆಯ ಮೇಲೆ ಹೊರಿಸಿ ಕೂತಿದ್ದೇನೆ. ನನಗಿಂತ ಆ ಊರ ಮೇಷ್ಟ್ರೇ ವಾಸಿ, ಅವರು ಹೊರಿಸಿದ್ದು ಕೂಸನ್ನು ಮಾತ್ರ.

೮ ನವೆಂಬರ್, ಸೋಮವಾರ

ಮಕ್ಕಳು ಇಂದಿನಿಂದ ಊರ ಶಾಲೆಗೆ. ಇವರೇ ಕೇಳಿದರು, ಕಳಿಸೋಣವೇ ಎಂದು. ನಾನು ಎದುರಾಡಲಿಲ್ಲ. ಅತ್ತೆಯ ಆರೈಕೆಗೆ ಹೊತ್ತು ಬೇಕಲ್ಲ ಎಂದೆ. ಅದೂ ಸುಳ್ಳು ನೆಪವೇ. ಮ್ಯಾಪಿನ ಮುಂದೆ ನಿಂತು ಬಾಯಿ ತೆಗೆಯುವ ಧೈರ್ಯ ನನಗಿಲ್ಲ.

ಆದಿ ಹಿಂದೆ ನೋಡದೆ ಹೋದಳು. ಮನೆಯಲ್ಲಿ ಸದ್ದಿಲ್ಲ. ಹುಳ ಸೊಪ್ಪು ತಿನ್ನುವ ಸದ್ದು ಮಾತ್ರ.

೧೨ ನವೆಂಬರ್, ಶುಕ್ರವಾರ. ಸಂಜೆ

ಮಕ್ಕಳು ಶಾಲೆಯಿಂದ ಬಂದು ಕೈಕಾಲು ತೊಳೆದು ಪಡಸಾಲೆಗೆ ಹೋದರು. ನಾನು ಅಡುಗೆಮನೆಯಲ್ಲಿದ್ದೆ. ಯಾರೋ ಹೊರಗಿನವರು ಬಂದ ಹಾಗೆ ಒಂದು ಮಾತು ಕೇಳಿಸಿತು.

"ಒಂದು ಲೋಟ ನೀರು ಕೊಡಿ."

ಇಣುಕಿ ನೋಡಿದೆ. ಹೊರಗಿನವರು ಯಾರೂ ಇಲ್ಲ. ಅತ್ತೆ. ಗೋಡೆಗೆ ಒರಗಿ ಕೂತು ಆದಿಗೆ ಹೇಳುತ್ತಿದ್ದಾರೆ. ಮೊಮ್ಮಗಳಿಗೆ ಕೊಡಿ ಎಂದು. ಹಿತ್ತಲ ಜಗಲಿಯಲ್ಲಿ ಕೂತು ನನ್ನ ಪಾಠ ಕೇಳಿಸಿಕೊಂಡು ಕಲಿತದ್ದೋ, ಚಿತ್ತೂರಿನಲ್ಲಿ ಯಾರನ್ನಾದರೂ ಕೇಳಿ ಬಾಯಿಪಾಠ ಮಾಡಿದ್ದೋ.

ಆದಿ ಗಾಬರಿಯಾದಳು. ತೆಲುಗಿನಲ್ಲೇ, "ತೆಸ್ತಾ ಅವ್ವಾ" ಎಂದಳು, ತರುತ್ತೇನೆ ಎಂದು. ಅತ್ತೆ ತುಟಿಯ ಮೇಲೆ ಬೆರಳಿಟ್ಟು ಅಡುಗೆಮನೆಯ ಕಡೆ ಕಣ್ಣಲ್ಲೇ ತೋರಿಸಿದರು. ನಾನಿದ್ದೇನೆ ಎಂದು. ಮಗುವಿಗೆ ಏಟು ಬೀಳಬಾರದು ಎಂದು. ನೀರು ಕುಡಿದು, ಯೋಚಿಸಿ ಯೋಚಿಸಿ, "ಚೆನ್ನಾಗಿದೆ" ಎಂದರು.

ನಾನು ಒಲೆಯ ಮುಂದೆ ಕೂತುಬಿಟ್ಟೆ. ಈ ಮುದುಕಿಗೆ ನೀರು ಕೇಳಲು ಬೇರೆ ಭಾಷೆ ಕಲಿಯುವಂತೆ ಮಾಡಿದೆನಲ್ಲ, ಅವರ ಮನೆಯಲ್ಲೇ. ಎಷ್ಟೋ ಹೊತ್ತು ಅಳುತ್ತಿದ್ದೆ.

ಆಮೇಲೆ ಹೋಗಿ ಅವರ ಕಾಲ ಬಳಿ ಕೂತೆ. ತೆಲುಗಿನಲ್ಲಿ ಕೇಳಿದೆ, ನೋವಿದೆಯಾ ಎಂದು. ಹನ್ನೆರಡು ವರ್ಷದಲ್ಲಿ ಅವರೊಡನೆ ನಾನಾಗಿ ಆಡಿದ ಮೊದಲ ತೆಲುಗು ಮಾತು ಅದೇ ಇರಬೇಕು. ಅತ್ತೆ ನನ್ನನ್ನೇ ನೋಡಿದರು. ಉತ್ತರವನ್ನು ಕನ್ನಡದಲ್ಲೇ ಕೊಟ್ಟರು. "ಇಲ್ಲ."

೧೫ ನವೆಂಬರ್. ದೀಪಾವಳಿ

ಇವರು ಪಟಾಕಿ ತಂದರು. ಕದಿರೇಶನ ಕೈಗೆ ಕೊಟ್ಟರು. ಅಕ್ಕನಿಗೂ ಕೊಡು ಎಂದರು, ಅವಳ ಕಡೆ ತಿರುಗದೆ. ಆದಿ ತನ್ನ ಪಾಲನ್ನು ತಮ್ಮನಿಗೇ ಕೊಟ್ಟುಬಿಟ್ಟಳು.

ಇನ್ನು ಆಗುವುದಿಲ್ಲ ನನ್ನಿಂದ.

೧೯ ನವೆಂಬರ್, ಶುಕ್ರವಾರ. ಸಂಜೆ ಐದೂವರೆ

ಆದಿಗೆ ಹೇಳಿದೆ. ಇವತ್ತು, ಈಗ.

ಕದಿರೇಶ ಆಡಲು ಹೋಗಿದ್ದ. ಆದಿ ಹುಳದ ತಟ್ಟೆಗೆ ಸೊಪ್ಪು ಹಾಕುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಸೊಪ್ಪು ಹಾಕಿದೆ. ಹೇಗೆ ಶುರು ಮಾಡುವುದೆಂದೇ ತಿಳಿಯಲಿಲ್ಲ. ಮಕ್ಕಳ ಹತ್ತಿರ ತಪ್ಪು ಒಪ್ಪಿಕೊಳ್ಳುವುದನ್ನು ನನಗೆ ಯಾರೂ ಕಲಿಸಿಲ್ಲ.

"ಆದೀ, ಅವತ್ತು ನದಿ ಹತ್ರ... ಅವ್ವ ಕೂಗಿದ್ದು ನಂಗೂ ಕೇಳಿಸ್ತು ಕಣೇ. ಕೇಳಿಸ್ಲಿಲ್ಲ ಅಂತ ನಿಮ್ಮಪ್ಪನ ಹತ್ರ ಸುಳ್ಳು ಹೇಳ್ದೆ. ತಪ್ಪು ನಂದು. ನಿಂದಲ್ಲ."

ಅವ್ವ ಎಂದೆ. ಅಜ್ಜಿ ಎನ್ನಲು ಬಾಯಿ ಬರಲಿಲ್ಲ.

ಅವಳು ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. "ಗೊತ್ತು" ಎಂದಳು.

"ಏನ್ ಗೊತ್ತು?"

"ಅವ್ವ ಅಯ್ಯೋ ಅಂದ್ಳಲ್ಲ, ನಾನು ಎದ್ದೆ. ಎದ್ದು ಫಸ್ಟು ನಿನ್ನೇ ನೋಡ್ದೆ. ನೀನು ಆ ಕಡೆ ತಿರುಗಿ ನೋಡ್ದೆ. ನೋಡಿ ಮತ್ತೆ ಈ ಕಡೆ ತಿರುಗಿ ಬರೆಯೋಕೆ ಶುರು ಮಾಡ್ದೆ. ಏನೂ ಆಗಿಲ್ಲ ಅಂದ್ಕೊಂಡೆ. ಏನಾದ್ರೂ ಆಗಿದ್ರೆ ಅಮ್ಮ ಹೋಗ್ತಿದ್ಳು ಅಂತ. ಅದಕ್ಕೆ ನಾನೂ ಕೂತ್ಕೊಂಡೆ."

ಅವಳು ಎದ್ದದ್ದು ನಾನು ಕಂಡೇ ಇರಲಿಲ್ಲ.

ರೂಲಿಗೆ ಹೆದರಿ ಸುಮ್ಮನಾದಳು ಎಂದೇ ಇಷ್ಟು ದಿನ ತಿಳಿದಿದ್ದೆ. ನನ್ನನ್ನು ನಂಬಿ ಸುಮ್ಮನಾಗಿದ್ದಳು. ಆ ನಂಬಿದ ಮುಖಕ್ಕೆ ಹೊಡೆದೆ.

"ಅಪ್ಪನ ಹತ್ರ ಯಾಕೆ ಹೇಳ್ಲಿಲ್ಲ?" ಎಂದೆ.

ಒಂದು ಹುಳ ತಟ್ಟೆಯ ಅಂಚಿಗೆ ಬಂದಿತ್ತು, ಎಲೆಯ ಸಮೇತ ಎತ್ತಿ ಒಳಗಿಟ್ಟಳು.

"ನೀನೇ ಹೇಳ್ತೀಯ ಅಂದ್ಕೊಂಡಿದ್ದೆ."

ಅಷ್ಟೇ. ಸಿಟ್ಟಿಲ್ಲ ಅವಳಿಗೆ. ಸಿಟ್ಟಿದ್ದರೆ ವಾಸಿಯಿತ್ತು. ಅವತ್ತು ಆಸ್ಪತ್ರೆಯಲ್ಲಿ ಕಾದಳು, ಆಯುಧಪೂಜೆಯ ದಿನ ಬಟ್ಟಲು ಹಿಡಿದು ಕಾದಳು, ಅವ್ವನನ್ನು ಕರೆತಂದ ದಿನ ತಲೆ ತಗ್ಗಿಸಿ ಕಾದಳು, ನಾನು ಗಂಜಿ ಬಿಸಿ ಮಾಡಲು ಹೋದೆ.

ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು. ಇವರು ಬಂದರು. ಪಡಸಾಲೆಯಲ್ಲಿ ಅತ್ತೆಯ ಹತ್ತಿರ ಕೂತು ಏನೋ ಹೇಳುತ್ತಿದ್ದಾರೆ. ಆದಿಯೂ ಅಲ್ಲೇ ಕಂಬದ ಹತ್ತಿರ ನಿಂತಿದ್ದಾಳೆ. ಎಲ್ಲರೂ ಇದ್ದಾರೆ. ಅತ್ತೆಗೂ ತಿಳಿಯುವಂತೆ ತೆಲುಗಿನಲ್ಲೇ ಹೇಳಬೇಕು. ಮೊದಲ ಮಾತು ಏನೆಂದು ಗೊತ್ತಿಲ್ಲ. ಪೆನ್ನು ಇಟ್ಟು ಎದ್ದರೆ ಹೇಳುತ್ತೇನೆ, ಬರೆಯುತ್ತಲೇ ಕೂತರೆ ಇವತ್ತೂ